ಆನ್ಸೆಲ್ಮನ ಪ್ರಾಯಶ್ಚಿತ್ತವಾದ: ಒಂದು ಪುನರ್ವಿಮರ್ಶೆ

ಕ್ರೈಸ್ತ ಧರ್ಮಸಭೆಯು ತನ್ನ ಮೊದಲ ಶತಮಾನಗಳಲ್ಲಿ ಕ್ರಿಸ್ತನು ಯಾರು ಎಂಬ ಪ್ರಶ್ನೆಯನ್ನು ಮಹಾಸಭೆಗಳಲ್ಲಿ ಚರ್ಚಿಸಿ ನಿರ್ಣಯಿಸಿತು. 325ರ ನಿಕೇಯ ಸಭೆಯೂ 451ರ ಕಾಲ್ಸಿಡಾನ್ ಸಭೆಯೂ ಈ ಕಾರಣಕ್ಕಾಗಿಯೇ ಪ್ರಸಿದ್ಧವಾಗಿವೆ. ಆದರೆ ಶಿಲುಬೆಯ ಮೇಲಿನ ಮರಣದಿಂದ ಮನುಷ್ಯನ ಪಾಪಕ್ಕೆ ಕ್ಷಮೆ ದೊರೆತದ್ದು ಹೇಗೆ ಎಂಬ ವಿಷಯದಲ್ಲಿ ಈ ಸಭೆಗಳು ಯಾವ ವಾದವನ್ನೂ ವಿಧಿಸಲಿಲ್ಲ. ದೊರೆಯಿತೆಂಬುದು ಎಲ್ಲರ ವಿಶ್ವಾಸ. ಹೇಗೆಂಬುದು ಮಾತ್ರ ಚಿಂತಕರ ಪಾಲಿಗೆ ಉಳಿಯಿತು. ಈ ಸ್ವಾತಂತ್ರ್ಯದಿಂದ ಹುಟ್ಟಿದ ವಿವರಣೆಗಳನ್ನು ಇಪ್ಪತ್ತನೆಯ ಶತಮಾನದ ಕೈಪಿಡಿಗಳು ಮೂರು ಗೂಡುಗಳಲ್ಲಿ ತುಂಬಿಟ್ಟಿವೆ. ಸೈತಾನನ ಸೆರೆಯಿಂದ ಮನುಷ್ಯನನ್ನು ಬಿಡಿಸಿದ ಜಯವೆಂಬುದು ಮೊದಲನೆಯದು. ದೇವರ ಮಾನಕ್ಕೆ ಉಂಟಾದ ಕುಂದಿಗೆ ಪರಿಹಾರವೆಂಬುದು ಎರಡನೆಯದು. ಮನುಷ್ಯನ ಹೃದಯವನ್ನು ಕರಗಿಸುವ ಪ್ರೇಮದ ನಿದರ್ಶನವೆಂಬುದು ಮೂರನೆಯದು. ಎರಡನೆಯದಕ್ಕೆ ಆನ್ಸೆಲ್ಮನ ಹೆಸರು, ಮೂರನೆಯದಕ್ಕೆ ಅಬೆಲಾರನ ಹೆಸರು. ಸ್ವೀಡನ್ನಿನ ವಿದ್ವಾಂಸ ಗುಸ್ತಾಫ್ ಔಲೆನ್ ಅವರು 1930ರಲ್ಲಿ ನೀಡಿದ ಉಪನ್ಯಾಸಗಳು ಮರುವರ್ಷ ‘ಕ್ರಿಸ್ತುಸ್ ವಿಕ್ಟರ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂದ ಮೇಲೆ ಈ ವಿಂಗಡಣೆ ಪಾಠದ ಕೋಣೆಗಳಲ್ಲಿ ಗಟ್ಟಿಯಾಗಿ ನಿಂತಿತು.

ಮಧ್ಯಯುಗದ ಯುರೋಪನ್ನು ಪಾಠಮಾಡುವವನಿಗೆ ಈ ಮೂರು ಗೂಡುಗಳು ಬಹಳ ಅನುಕೂಲ. ಹಲಗೆಯ ಮೇಲೆ ಬರೆದುಬಿಡಬಹುದು. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಒಪ್ಪಿಸುತ್ತಾರೆ. ನಾನೂ ಹಲವು ವರ್ಷ ಹಾಗೆಯೇ ಬರೆದಿದ್ದೇನೆ. ಆನ್ಸೆಲ್ಮನ ಗ್ರಂಥವನ್ನೇ ಕೈಗೆತ್ತಿಕೊಂಡು ಆದ್ಯಂತವಾಗಿ ಓದಿದ ಮೇಲೆ, ಗೂಡಿನಲ್ಲಿರುವ ಆನ್ಸೆಲ್ಮನೂ ಗ್ರಂಥದಲ್ಲಿರುವ ಆನ್ಸೆಲ್ಮನೂ ಒಬ್ಬರೇ ಅಲ್ಲವೆಂಬ ಸಂಶಯ ಬಲವಾಯಿತು. ಅವನ ಮೇಲೆ ಸಾಮಾನ್ಯವಾಗಿ ಹೊರಿಸುವ ಆಕ್ಷೇಪಗಳಲ್ಲಿ ಹೆಚ್ಚಿನವು ಅವನಿಗೆ ತಾಗುವುದಿಲ್ಲವೆಂದೂ, ತಾಗತಕ್ಕ ಒಂದು ಆಕ್ಷೇಪವು ಮರೆಯಲ್ಲಿಯೇ ಉಳಿದಿದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದದ ವಿಚಾರವನ್ನು ಮುಗಿಸಿಬಿಡಬೇಕು. ಈ ವಿಷಯವನ್ನು ಕನ್ನಡದಲ್ಲಿ ಹೇಳಹೊರಟೊಡನೆ ನಾಲಗೆಗೆ ಬರುವ ಮಾತು ‘ಪ್ರಾಯಶ್ಚಿತ್ತ’. ಈ ಮಾತು ಧರ್ಮಶಾಸ್ತ್ರದಿಂದ ಬಂದದ್ದು. ಅಲ್ಲಿ ಪ್ರಾಯಶ್ಚಿತ್ತವೆಂಬುದು ತಪ್ಪುಮಾಡಿದವನು ತಾನೇ ಆಚರಿಸಬೇಕಾದ ವ್ರತ: ಕೃಚ್ಛ್ರ, ಚಾಂದ್ರಾಯಣ, ಉಪವಾಸ, ಜಪ, ದಾನ. ಪಾಂಡುರಂಗ ವಾಮನ ಕಾಣೆಯವರು ತಮ್ಮ ಧರ್ಮಶಾಸ್ತ್ರದ ಇತಿಹಾಸದ 1953ರ ನಾಲ್ಕನೆಯ ಸಂಪುಟದಲ್ಲಿ ಇದನ್ನು ವಿಸ್ತಾರವಾಗಿ ವಿವರಿಸಿದ್ದಾರೆ. ಕ್ರೈಸ್ತರ ಮಾತಾದರೋ ಇದಕ್ಕೆ ವಿರುದ್ಧ ದಿಕ್ಕಿನದು. ಪಾಪಿಯು ತಾನು ಮಾಡಲಾರದ್ದನ್ನು ಮತ್ತೊಬ್ಬನು ಅವನಿಗಾಗಿ ಮಾಡಿದನೆಂಬುದೇ ಅದರ ತಿರುಳು. ಒಂದೇ ಶಬ್ದ ಎರಡನ್ನೂ ಹೊತ್ತಿರುವುದರಿಂದ ನಮ್ಮ ವಿದ್ಯಾರ್ಥಿಗಳು ದಾರಿ ತಪ್ಪುವುದು ಸಹಜ. ಆನ್ಸೆಲ್ಮನು ಬಳಸುವ ಲ್ಯಾಟಿನ್ ಶಬ್ದ ‘ಸಾಟಿಸ್‌ಫಾಕ್ಟಿಯೊ’. ಅದರ ಧಾತ್ವರ್ಥ ‘ಸಾಕಾಗುವಷ್ಟನ್ನು ಮಾಡುವುದು’. ನಾನು ಇಲ್ಲಿ ಅದನ್ನು ‘ಪರಿಹಾರ’ವೆಂದು ಕರೆಯುತ್ತೇನೆ.

ಆನ್ಸೆಲ್ಮನು ಆಲ್ಪ್ಸ್ ತಪ್ಪಲಿನ ಆವೋಸ್ತಾದಲ್ಲಿ 1033ರಲ್ಲಿ ಹುಟ್ಟಿದನು. 1060ರಲ್ಲಿ ನಾರ್ಮಂಡಿಯ ಬೆಕ್ ಮಠವನ್ನು ಸೇರಿ, 1063ರಲ್ಲಿ ಅಲ್ಲಿಯ ಉಪಾಧಿಪತಿಯೂ 1078ರಲ್ಲಿ ಅಧಿಪತಿಯೂ ಆದನು. 1093ರಲ್ಲಿ ಇಷ್ಟವಿಲ್ಲದೆಯೇ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಪದವಿಗೆ ಬಂದು, ಇಮ್ಮಡಿ ವಿಲಿಯಮನೊಡನೆ ವಿರಸ ಬೆಳೆದು, 1097ರಲ್ಲಿ ದೇಶಬಿಟ್ಟು ಹೊರಟನು. ‘ಕೂರ್ ದೇಉಸ್ ಹೋಮೋ’, ಎಂದರೆ ‘ದೇವರು ಮನುಷ್ಯನಾದದ್ದೇಕೆ’ ಎಂಬ ಗ್ರಂಥ ಮುಗಿದದ್ದು ಮರುವರ್ಷ, ದಕ್ಷಿಣ ಇಟಲಿಯ ಕಾಪುವಾ ನಗರದ ಸಮೀಪದ ಒಂದು ಬೆಟ್ಟದ ಹಳ್ಳಿಯಲ್ಲಿ. ಬೆಕ್ ಮಠದ ಸನ್ಯಾಸಿ ಬೋಸೋ ಪ್ರಶ್ನೆ ಕೇಳುವನು, ಗುರುವು ಉತ್ತರಿಸುವನು; ಹೀಗೆ ಎರಡು ಭಾಗಗಳ ಸಂವಾದರೂಪದಲ್ಲಿ ಅದು ಸಾಗುತ್ತದೆ. ಬೋಸೋ ಹೆಸರಿಗೆ ಮಾತ್ರ ಶಿಷ್ಯನಲ್ಲ. ನಂಬದವರು ಕೇಳುವ ಪ್ರಶ್ನೆಗಳನ್ನು ಅವರ ಪರವಾಗಿ ತಾನು ಕೇಳುವೆನೆಂದು ಹೇಳಿಯೇ ಅವನು ಪ್ರಾರಂಭಿಸುತ್ತಾನೆ, ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಈ ‘ನಂಬದವರು’ ಯಾರು? ವೆಸ್ಟ್‌ಮಿನ್ಸ್ಟರಿನ ಮಠಾಧಿಪತಿ ಗಿಲ್ಬರ್ಟ್ ಕ್ರಿಸ್ಪಿನನು ಯೆಹೂದ್ಯ ವಿದ್ವಾಂಸನೊಬ್ಬನೊಡನೆ ನಡೆಸಿದ ವಾದವನ್ನು ಬರೆದಿಟ್ಟು ಆನ್ಸೆಲ್ಮನಿಗೆ ಅರ್ಪಿಸಿದ್ದನು. ಆ ಯೆಹೂದ್ಯ ಆಕ್ಷೇಪಗಳು ಈ ಗ್ರಂಥದ ಹಿನ್ನೆಲೆಯಲ್ಲಿವೆಯೆಂದು ಸದರ್ನ್ ಅವರು ತೋರಿಸಿಕೊಟ್ಟಿದ್ದಾರೆ.

ಈಗ ಸಾಮಾನ್ಯ ಆಕ್ಷೇಪಕ್ಕೆ ಬರೋಣ. ಆನ್ಸೆಲ್ಮನ ದೇವರು ಹನ್ನೊಂದನೆಯ ಶತಮಾನದ ಒಬ್ಬ ಪಾಳೆಯಗಾರ; ಮಾನಕ್ಕೆ ಕುಂದುಬಂದಿತೆಂದು ಸಿಟ್ಟಾಗಿ ಬೆಲೆ ಕೇಳುತ್ತಾನೆ; ನಿರಪರಾಧಿಯ ರಕ್ತ ಸಿಕ್ಕಿದ ಮೇಲೆ ತಣ್ಣಗಾಗುತ್ತಾನೆ: ಇದು ಆ ಆಕ್ಷೇಪ. ‘ಮಾನ’ವೆಂಬ ಶಬ್ದ ಗ್ರಂಥದಲ್ಲಿ ಹೇರಳವಾಗಿದೆ, ನಿಜ. ಆದರೆ ಮೊದಲ ಭಾಗದ 15ನೆಯ ಅಧ್ಯಾಯದಲ್ಲಿ ಆನ್ಸೆಲ್ಮನು ಸ್ಪಷ್ಟವಾಗಿ ಹೇಳುವುದೇನು? ದೇವರ ಮಾನವನ್ನು ಯಾರೂ ಹೆಚ್ಚಿಸಲಾರರು, ಕುಗ್ಗಿಸಲಾರರು. ಪಾಪದಿಂದ ಕೆಡುವುದು ಜಗತ್ತಿನ ಕ್ರಮವೂ ಸೌಂದರ್ಯವೂ. ಮನನೊಂದ ಪ್ರಭುವಿನ ಚಿತ್ರ ಇಲ್ಲಿ ಎಲ್ಲಿದೆ? ನಿರಪರಾಧಿಯ ರಕ್ತದ ಪ್ರಶ್ನೆಯನ್ನಂತೂ ಬೋಸೋ ತಾನೇ 8ನೆಯ ಅಧ್ಯಾಯದಲ್ಲಿ ಎತ್ತುತ್ತಾನೆ; ತಂದೆಯು ಮಗನನ್ನು ಬಲವಂತವಾಗಿ ಮರಣಕ್ಕೆ ಒಪ್ಪಿಸಲಿಲ್ಲವೆಂದೂ, ಮಗನು ಧರ್ಮವನ್ನು ಬಿಡದೆ ನಡೆದುದರಿಂದ ಬಂದ ಮರಣವನ್ನು ತನ್ನಿಚ್ಛೆಯಿಂದ ಸಹಿಸಿದನೆಂದೂ ಗುರುವಿನ ಉತ್ತರ. ಸೈತಾನನಿಗೆ ಮನುಷ್ಯನ ಮೇಲೆ ನ್ಯಾಯವಾದ ಹಕ್ಕಿತ್ತೆಂಬ ಹಳೆಯ ಮಾತನ್ನು 7ನೆಯ ಅಧ್ಯಾಯದಲ್ಲಿಯೇ ತೆಗೆದುಹಾಕಲಾಗಿದೆ. ಕಳ್ಳನಿಗೆ ಕದ್ದ ಮಾಲಿನ ಬೆಲೆ ಕೊಡುವವರುಂಟೆ?

‘ಪರಿಹಾರ’ವೆಂಬ ಶಬ್ದದ ಮನೆಯನ್ನು ಪಾಳೆಯಗಾರರ ಆಸ್ಥಾನದಲ್ಲಿ ಹುಡುಕುವುದೇ ತಪ್ಪು. ಅದು ಧರ್ಮಸಭೆಯ ಪಾಪನಿವೇದನೆಯ ಪದ್ಧತಿಗೆ ಸೇರಿದ ಮಾತು. ತೆರ್ತುಲ್ಲಿಯನ್, ಸಿಪ್ರಿಯನ್ ಮುಂತಾದ ಆಫ್ರಿಕದ ಲೇಖಕರಿಂದ ಹಿಡಿದು ಬಳಕೆಯಲ್ಲಿದ್ದುದು. ಈ ಪದ್ಧತಿಯ ಸ್ವರೂಪವನ್ನು ಸ್ವಲ್ಪ ವಿವರವಾಗಿ ನೋಡದೆ ಆನ್ಸೆಲ್ಮನ ವಾದದ ಮೊನೆ ನಮಗೆ ಕಾಣುವುದಿಲ್ಲ. ಆರನೆಯ ಶತಮಾನದಿಂದ ಐರ್ಲೆಂಡಿನ ಸನ್ಯಾಸಿಗಳು ಒಂದೊಂದು ಪಾಪಕ್ಕೂ ಇಷ್ಟಿಷ್ಟು ಉಪವಾಸವೆಂದು ಪಟ್ಟಿಗಳನ್ನು ರಚಿಸಿದರು. ಅವು ಖಂಡದಲ್ಲೆಲ್ಲ ಹರಡಿದವು. ಪಟ್ಟಿ ಬಂದ ಮೇಲೆ ವಿನಿಮಯವೂ ಬಂದಿತು: ಉಪವಾಸಕ್ಕೆ ಬದಲು ಕೀರ್ತನೆಗಳ ಪಠಣ, ಪಠಣಕ್ಕೆ ಬದಲು ಹಣ. ನಮ್ಮ ನಿಬಂಧಕಾರರು ಪ್ರಾಜಾಪತ್ಯ ವ್ರತಕ್ಕೆ ಬದಲಾಗಿ ಗೋದಾನವನ್ನು ಹೇಳಿ ಅದನ್ನು ‘ಪ್ರತ್ಯಾಮ್ನಾಯ’ವೆಂದು ಕರೆದುದನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆಂಗ್ಲೋ-ಸ್ಯಾಕ್ಸನ್ ಇಂಗ್ಲೆಂಡಿನ ಒಂದು ಕೈಪಿಡಿಯಲ್ಲಿ, ಏಳು ವರ್ಷದ ಉಪವಾಸಕ್ಕೆ ಒಳಗಾದ ಸಿರಿವಂತನು ಅದನ್ನು ಮೂರೇ ದಿನದಲ್ಲಿ ಮುಗಿಸುವ ಉಪಾಯ ಹೇಳಿದೆ. ಮೊದಲು 12 ಜನ ಅವನಿಗಾಗಿ ಮೂರು ದಿನ ಉಪವಾಸವಿರಬೇಕು. ಆಮೇಲೆ 120 ಜನರಂತೆ ಏಳು ತಂಡಗಳು ಮೂರು ಮೂರು ದಿನ. ಒಟ್ಟು 852 ಜನ, 2,556 ಉಪವಾಸಗಳು. ಏಳು ವರ್ಷದ ದಿನಗಳ ಲೆಕ್ಕಕ್ಕೆ ಸರಿಯಾಯಿತು! ಒಬ್ಬನ ಪಾಪಕ್ಕೆ ಮತ್ತೊಬ್ಬನು ಕಷ್ಟಪಡಬಹುದೆಂಬ ಭಾವನೆ ಇಲ್ಲಿ ಕೂಲಿಯ ಲೆಕ್ಕವಾಗಿ ನಿಂತಿದೆ.

ಈ ಲೆಕ್ಕ ಪುಸ್ತಕದಲ್ಲಿಯೇ ಉಳಿದ ಹಾಗೂ ಕಾಣುವುದಿಲ್ಲ. 1066ರ ಹೇಸ್ಟಿಂಗ್ಸ್ ಕದನದಲ್ಲಿ ಗೆದ್ದ ನಾರ್ಮನ್ ಸೈನ್ಯಕ್ಕೆ, ಪೋಪರ ಪ್ರತಿನಿಧಿ ಎರ್ಮೆನ್‌ಫ್ರಿಡನ ಅನುಮೋದನೆಯೊಡನೆ, ನಾರ್ಮಂಡಿಯ ಬಿಷಪರು ಪ್ರಾಯಶ್ಚಿತ್ತವನ್ನು ವಿಧಿಸಿದರು; ಅದರ ಪಾಠ 1070ರ ಸುಮಾರಿನದು. ಕೊಂದ ಒಬ್ಬೊಬ್ಬನಿಗೂ ಒಂದು ವರ್ಷ. ಗಾಯಪಡಿಸಿ, ಸತ್ತನೋ ಬದುಕಿದನೋ ತಿಳಿಯದಿದ್ದರೆ ತಲೆಗೆ ನಲವತ್ತು ದಿನ. ಎಷ್ಟು ಜನರನ್ನು ಕೊಂದೆನೆಂದು ತಿಳಿಯದವನಿಗೆ ಬದುಕಿರುವವರೆಗೆ ವಾರಕ್ಕೊಂದು ದಿನ. ಅಥವಾ ಒಂದು ದೇವಾಲಯವನ್ನು ಕಟ್ಟಿಸಿಯೋ ದತ್ತಿ ಬಿಟ್ಟೋ ಅದನ್ನು ತೀರಿಸಿಕೊಳ್ಳಬಹುದು. ಬಿಲ್ಲುಗಾರನ ಬಾಣ ಯಾರಿಗೆ ನಾಟಿತೆಂದು ಅವನಿಗೇ ತಿಳಿಯದಾದುದರಿಂದ ಅವನಿಗೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸಕಾಲದಷ್ಟು ಮೂರು ಸಲ. ಯಾರಿಗೂ ಹೊಡೆಯದೆ ಹೊಡೆಯಬೇಕೆಂದು ಮನಸ್ಸುಮಾಡಿದವನಿಗೂ ಮೂರು ದಿನ ಉಂಟು. ಈ ಕದನ ನಡೆದಾಗ ಆನ್ಸೆಲ್ಮನು ಬೆಕ್ ಮಠದ ಉಪಾಧಿಪತಿ. ಆ ಮಠಕ್ಕೆ ಭೂಮಿಕಾಣಿ ಕೊಟ್ಟವರು ಇದೇ ನಾರ್ಮನ್ ಯೋಧವರ್ಗದವರು. ಮುಂದೆ 1095ರ ಕ್ಲೆರ್ಮಾಂಟ್ ಸಭೆಯು, ಹಣ ಕೀರ್ತಿಗಳಿಗಲ್ಲದೆ ಭಕ್ತಿಯಿಂದ ಮಾತ್ರ ಜೆರೂಸಲೇಮಿಗೆ ಹೊರಡುವವನಿಗೆ ಆ ಪ್ರಯಾಣವೇ ಸಮಸ್ತ ಪ್ರಾಯಶ್ಚಿತ್ತಕ್ಕೆ ಸಮವೆಂದು ಸಾರಿತು. ಆನ್ಸೆಲ್ಮನು ಇಟಲಿಯಲ್ಲಿ ಗ್ರಂಥವನ್ನು ಮುಗಿಸಿದ 1098ರಲ್ಲಿಯೇ ಆ ಯಾತ್ರಿಕರು ಅಂಟಿಯೋಕ್ ನಗರವನ್ನು ಹಿಡಿದರು.

ಈ ಹಿನ್ನೆಲೆಯಲ್ಲಿ ಗ್ರಂಥದ ಮೊದಲ ಭಾಗದ 21ನೆಯ ಅಧ್ಯಾಯವನ್ನು ಓದಬೇಕು. ಬೋಸೋ ತಾನು ದೇವರಿಗೆ ಕೊಡಬಲ್ಲವುಗಳ ಪಟ್ಟಿಯನ್ನು ಹಿಂದಿನ ಅಧ್ಯಾಯದಲ್ಲಿ ಒಪ್ಪಿಸಿದ್ದಾನೆ: ಪಶ್ಚಾತ್ತಾಪ, ಉಪವಾಸ, ದೇಹದಂಡನೆ, ದಾನ, ವಿಧೇಯತೆ. ಇದು ಪಾಪನಿವೇದನೆಯ ಕೈಪಿಡಿಯದೇ ಪಟ್ಟಿ. ಇವೆಲ್ಲವನ್ನೂ ನೀನು ಪಾಪವೇ ಮಾಡದಿದ್ದರೂ ಕೊಡಬೇಕಾಗಿತ್ತಲ್ಲ, ಹಾಗಾದರೆ ಪಾಪದ ಲೆಕ್ಕಕ್ಕೆ ಏನು ಕೊಡುತ್ತೀಯೆ ಎಂದು ಗುರುವು ಕೇಳುತ್ತಾನೆ. ಪಾಪವೆಷ್ಟು ಭಾರವೆಂಬುದನ್ನು ನೀನಿನ್ನೂ ತೂಗಿ ನೋಡಿಲ್ಲವೆಂದು ಎಚ್ಚರಿಸಿ, ದೇವರ ಇಚ್ಛೆಗೆ ವಿರುದ್ಧವಾದ ಒಂದೇ ಒಂದು ನೋಟಕ್ಕೆ ಸಮನಾದುದು ಸೃಷ್ಟಿಯಲ್ಲಿ ಯಾವುದೂ ಇಲ್ಲವೆಂದು ಒಪ್ಪಿಸುತ್ತಾನೆ. ಪಟ್ಟಿ ಅಲ್ಲಿಗೆ ಹರಿದುಬಿತ್ತು. ತಲೆಗೊಂದು ವರ್ಷವೆಂದು ಅಳೆಯಬಹುದಾದ ಪದಾರ್ಥ ಪಾಪವಲ್ಲವೆಂಬುದು ಈ ಅಧ್ಯಾಯದ ಅಭಿಪ್ರಾಯ. ಲೆಕ್ಕದ ಭಾಷೆಯನ್ನೇ ಹಿಡಿದು ಅದನ್ನು ಮುರಿಯುವವರೆಗೆ ಎಳೆದವನು ಆನ್ಸೆಲ್ಮ. ಮನುಷ್ಯನು ಕೊಡಬೇಕು, ಕೊಡಲಾರ. ದೇವರು ಕೊಡಬಲ್ಲ, ಆದರೆ ಕೊಡಬೇಕಾದವನಲ್ಲ. ಆದುದರಿಂದ ಎರಡೂ ಒಂದಾದವನು ಬೇಕೆಂದು ಎರಡನೆಯ ಭಾಗದ 6ನೆಯ ಅಧ್ಯಾಯ ಮುಂದುವರಿಯುತ್ತದೆ.

ಕೈಪಿಡಿಗಳು ಮಾಡುವ ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಆನ್ಸೆಲ್ಮನ ಪ್ರಕಾರ ಕ್ರಿಸ್ತನು ನಮ್ಮ ಶಿಕ್ಷೆಯನ್ನು ಅನುಭವಿಸಿದನೆಂದು ಬರೆಯುತ್ತಾರೆ. ಗ್ರಂಥದಲ್ಲಿ ಇರುವುದು ಇದರ ವಿರುದ್ಧ. ಪ್ರತಿಯೊಂದು ಪಾಪಕ್ಕೂ ಪರಿಹಾರವಾಗಬೇಕು, ಇಲ್ಲವೇ ಶಿಕ್ಷೆಯಾಗಬೇಕು ಎಂಬುದು 15ನೆಯ ಅಧ್ಯಾಯದ ನಿಯಮ. ‘ಇಲ್ಲವೇ’ ಎಂಬ ಮಾತಿನಲ್ಲಿ ವಾದದ ಪ್ರಾಣವಿದೆ. ಪರಿಹಾರವಾದರೆ ಶಿಕ್ಷೆಯ ಅಗತ್ಯವೇ ಬೀಳುವುದಿಲ್ಲ. ಕ್ರಿಸ್ತನು ಮಾಡಿದ್ದು ಪರಿಹಾರ. ಆದ್ದರಿಂದಲೇ ಅವನ ಮರಣ ಶಿಕ್ಷೆಯಲ್ಲ, ಕಾಣಿಕೆ. ಪರಿಹಾರವನ್ನೂ ಶಿಕ್ಷೆಯನ್ನೂ ಕೂಡಿಸಿ ಒಂದೇ ಮಾಡಿದವರು ಹದಿನಾರನೆಯ ಶತಮಾನದ ಸುಧಾರಕರು. ಓರ್ಲೆಯಾನ್ ಮತ್ತು ಬೂರ್ಜ್‌ಗಳಲ್ಲಿ ನ್ಯಾಯಶಾಸ್ತ್ರವನ್ನು ಓದಿದ್ದ ಕಾಲ್ವಿನನ 1559ರ ‘ಇನ್ಸ್ಟಿಟ್ಯೂಟ್ಸ್’ನಲ್ಲಿ ಕ್ರಿಸ್ತನು ಅಪರಾಧಿಯ ಸ್ಥಾನದಲ್ಲಿ ನಿಂತು ತೀರ್ಪನ್ನು ಹೊರುತ್ತಾನೆ. 1563ರ ಹೈಡೆಲ್ಬರ್ಗ್ ಪ್ರಶ್ನೋತ್ತರಿಯು ಆನ್ಸೆಲ್ಮನ ವಾದದ ಮೆಟ್ಟಿಲುಗಳನ್ನೇ ಏರುತ್ತದೆ, ಆದರೆ ಏರಿದ ಮೇಲೆ ಸಿಗುವುದು ನ್ಯಾಯಾಲಯ. ಮುಂದಿನವರು ಈ ಕನ್ನಡಕವನ್ನು ಹಾಕಿಕೊಂಡೇ ಹನ್ನೊಂದನೆಯ ಶತಮಾನವನ್ನು ನೋಡಿದರು. ಕಾಲಕ್ರಮವನ್ನು ಕಾಯುವುದು ಇತಿಹಾಸಕಾರನ ಮೊದಲ ಕೆಲಸ. ಔಲೆನ್ ಅವರಂಥ ವಿದ್ವಾಂಸರೂ ಆನ್ಸೆಲ್ಮನಿಂದ ಸುಧಾರಣೋತ್ತರ ಪಂಡಿತರವರೆಗೆ ಒಂದೇ ‘ಲ್ಯಾಟಿನ್’ ಗೆರೆಯನ್ನು ಎಳೆದುದರಲ್ಲಿ ಈ ಎಚ್ಚರಿಕೆ ಸಾಲದಾಯಿತೆಂದು ಹೇಳಬೇಕಾಗಿದೆ.

ಅಬೆಲಾರನಿಗೂ ಇಂಥದೇ ಅನ್ಯಾಯವಾಗಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಮೇಲಿನ ತನ್ನ ವ್ಯಾಖ್ಯಾನದ ಮೂರನೆಯ ಅಧ್ಯಾಯದಲ್ಲಿ ಅವನು ಕೇಳಿದ ಪ್ರಶ್ನೆ ತೀಕ್ಷ್ಣವಾದುದು: ಆದಾಮನು ಹಣ್ಣು ತಿಂದ ಪಾಪವು, ಕ್ರಿಸ್ತನನ್ನು ಕೊಂದ ಅದಕ್ಕಿಂತ ದೊಡ್ಡ ಪಾಪದಿಂದ ತೊಳೆದುಹೋಗುವುದು ಹೇಗೆ? ಕ್ರಿಸ್ತನ ಯಾತನೆಯಿಂದ ನಮ್ಮಲ್ಲಿ ಹೊತ್ತಿಕೊಳ್ಳುವ ಪ್ರೇಮವೇ ನಮ್ಮ ವಿಮೋಚನೆಯೆಂದು ಅವನು ಕೊಟ್ಟ ಉತ್ತರವನ್ನು ಕ್ಲೆರ್ವೋದ ಬೆರ್ನಾರ್ಡನು ಪೋಪರಿಗೆ ಬರೆದ ಪತ್ರದಲ್ಲಿ ಖಂಡಿಸಿದನು. ಆಕ್ಸ್‌ಫರ್ಡಿನ ರಾಶ್ಡಾಲ್ ಅವರು 1919ರ ತಮ್ಮ ಗ್ರಂಥದಲ್ಲಿ ಅದನ್ನೇ ಮುಕ್ತಕಂಠದಿಂದ ಹೊಗಳಿದರು. ಅದೇ ವ್ಯಾಖ್ಯಾನದ ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ, ನಮ್ಮ ಪಾಪದ ದಂಡವನ್ನು ಕ್ರಿಸ್ತನು ತನ್ನ ಮರಣದ ಬೆಲೆಯಿಂದ ತೆಗೆದುಹಾಕಿದನೆಂದೂ ಅಬೆಲಾರನು ಬರೆದಿದ್ದಾನೆ. ಖಂಡಿಸಿದವರೂ ಹೊಗಳಿದವರೂ ಆ ಪುಟವನ್ನು ಬೇಗನೆ ದಾಟಿಹೋದಂತೆ ಕಾಣುತ್ತದೆ.

ಇಷ್ಟರಿಂದ ಆನ್ಸೆಲ್ಮನ ವಾದ ನಿರ್ದುಷ್ಟವೆಂದು ಹೇಳಿದಂತಾಗಲಿಲ್ಲ. ಬೆಲೆ ತೆರದೆ ಬರಿಯ ಕರುಣೆಯಿಂದ ಕ್ಷಮಿಸುವುದು ದೇವರಿಗೆ ತಕ್ಕುದಲ್ಲವೆಂದು ಅವನು 12ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ಹಾಗೆ ಮಾಡಿದರೆ ಪಾಪಿಗೂ ಪಾಪವಿಲ್ಲದವನಿಗೂ ಭೇದವುಳಿಯುವುದಿಲ್ಲ. ಇದಕ್ಕೆ ಸರಿಯಾದ ಪ್ರತ್ಯುತ್ತರ ತೋಮಸ್ ಅಕ್ವಿನಾಸನದು. ಬೇರೊಬ್ಬನಿಗೆ ಮಾಡಿದ ಅಪರಾಧವನ್ನು ನ್ಯಾಯಾಧೀಶನು ಸುಮ್ಮನೆ ಬಿಡಲಾರನು. ತನಗೆ ಮಾಡಿದುದನ್ನು ತಾನೇ ಬಿಟ್ಟುಬಿಟ್ಟರೆ ಯಾರಿಗೂ ಅನ್ಯಾಯವಿಲ್ಲ, ದೇವರಿಗೆ ಮೇಲಿನವರು ಯಾರೂ ಇಲ್ಲವಾದುದರಿಂದ ಅವನು ಪರಿಹಾರವಿಲ್ಲದೆಯೂ ಕ್ಷಮಿಸಬಹುದಾಗಿತ್ತು ಎಂದು ‘ಸುಮ್ಮಾ’ದ ಮೂರನೆಯ ಭಾಗದಲ್ಲಿ ಅವನು ವಾದಿಸುತ್ತಾನೆ. ಫೌಸ್ತುಸ್ ಸೊಸಿನುಸನು 1594ರಲ್ಲಿ ಅಚ್ಚಾದ ಗ್ರಂಥದಲ್ಲಿ ಇನ್ನೂ ಮುಂದೆ ಹೋದನು: ಸಾಲ ತೀರಿತೆಂದ ಮೇಲೆ ಸಾಲಗಾರನನ್ನು ಕ್ಷಮಿಸಿದೆನೆನ್ನುವುದು ಹೇಗೆ? ತೀರಿದ್ದಾದರೆ ಕ್ಷಮೆಯಿಲ್ಲ, ಕ್ಷಮಿಸಿದ್ದಾದರೆ ತೀರಬೇಕಾಗಿಲ್ಲ. ಆನ್ಸೆಲ್ಮನ ಪಕ್ಷದವರು ಇದಕ್ಕೆ ಎರಡನೆಯ ಭಾಗದ 20ನೆಯ ಅಧ್ಯಾಯವನ್ನು ತೋರಿಸಬಹುದು. ಬೆಲೆಯನ್ನು ಕೊಡುವವನೂ ಪಡೆಯುವವನೂ ಅಲ್ಲಿ ದೇವರೇ. ಪಾಪಿಯ ಕೈಗೆ ಬೆಲೆಯನ್ನಿಟ್ಟು ತೀರಿಸಿಕೋ ಎನ್ನುವ ಕರುಣೆಯದು. ಉತ್ತರ ಸುಂದರವಾಗಿದೆ, ಭಕ್ತನಿಗೆ ಸಾಕಾಗಲೂಬಹುದು. ತರ್ಕದ ತೊಡಕು ಮಾತ್ರ ಇದ್ದಲ್ಲಿಯೇ ಇದೆ.

ಆದರೆ ತೋಮಸನ ಉತ್ತರದಲ್ಲಿ ‘ಬೇರೊಬ್ಬನಿಗೆ ಮಾಡಿದ ಅಪರಾಧ’ವೆಂಬ ಒಂದು ಮಾತಿದೆ. ನನ್ನ ಆಕ್ಷೇಪ ಅಲ್ಲಿಂದ ಏಳುತ್ತದೆ. ಆನ್ಸೆಲ್ಮನ ಗ್ರಂಥದ 47 ಅಧ್ಯಾಯಗಳಲ್ಲಿ ಪಾಪಕ್ಕೆ ಇಬ್ಬರೇ ಪಕ್ಷಗಾರರು: ಪಾಪಿ ಮತ್ತು ದೇವರು. ಕೊಲೆಯಾದವನು, ಸುಲಿಗೆಗೆ ಒಳಗಾದವನು, ವಂಚಿತನಾದವನು ಆ ವ್ಯವಹಾರದಲ್ಲಿ ಹಾಜರಿಲ್ಲ. ಇತರರ ಅಪರಾಧವನ್ನು ನಾವು ಬೇಷರತ್ತಾಗಿ ಕ್ಷಮಿಸಬೇಕೆಂದು ವಿಧಿಸಿದ ದೇವರು ತಾನು ಹಾಗೆ ಮಾಡಬಾರದೇಕೆ ಎಂದು ಬೋಸೋ ಕೇಳಿದಾಗ, ನೊಂದ ಮನುಷ್ಯನು ಒಂದು ಕ್ಷಣ ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಾನೆ. ದಂಡಿಸುವ ಅಧಿಕಾರ ದೇವರದೇ ಹೊರತು ನಮ್ಮದಲ್ಲವೆಂಬ ಉತ್ತರದೊಡನೆ ಬಾಗಿಲು ಮುಚ್ಚುತ್ತದೆ. ಅವನಿಗೆ ಸಲ್ಲಬೇಕಾದುದೇನು ಎಂಬ ಪ್ರಶ್ನೆ ಮತ್ತೆ ಏಳುವುದಿಲ್ಲ.

ಪಾಪವನ್ನು ದೇವರಿಗೆ ಸಂಬಂಧಿಸಿ ನೋಡುವ ಗ್ರಂಥದಲ್ಲಿ ಇದನ್ನು ಹುಡುಕುವುದು ತಪ್ಪೆಂದು ಹೇಳುವವರಿರಬಹುದು. ಆನ್ಸೆಲ್ಮನು ಆಧಾರವಾಗಿಟ್ಟುಕೊಂಡ ಬಲಿಯ ಪರಂಪರೆಯೇ ಈ ಸಮಾಧಾನವನ್ನು ಒಪ್ಪುವುದಿಲ್ಲ. ನೆರೆಯವನನ್ನು ವಂಚಿಸಿ ಸುಳ್ಳಾಣೆ ಇಟ್ಟವನು ಏನು ಮಾಡಬೇಕೆಂದು ಯಾಜಕಕಾಂಡದ 6ನೆಯ ಅಧ್ಯಾಯದಲ್ಲಿ ಹೇಳಿದೆ: ಕಸಿದುಕೊಂಡುದನ್ನು ಐದನೆಯ ಒಂದು ಪಾಲು ಸೇರಿಸಿ ಒಡೆಯನಿಗೆ ಹಿಂದಕ್ಕೆ ಕೊಡಬೇಕು, ಬಲಿಯ ಟಗರನ್ನು ಯಾಜಕನ ಬಳಿಗೆ ತರುವ ಮಾತು ಅದರ ನಂತರದ್ದು. ಎರಡು ಹೋತಗಳ ಮಹಾಪ್ರಾಯಶ್ಚಿತ್ತದ ದಿನವನ್ನು ಕುರಿತು ಯೆಹೂದ್ಯರ ‘ಮಿಶ್ನಾ’ ಇನ್ನೂ ಸ್ಪಷ್ಟವಾಗಿದೆ. ಮನುಷ್ಯನಿಗೂ ದೇವರಿಗೂ ನಡುವಣ ಪಾಪವನ್ನು ಆ ದಿನ ಕಳೆಯುತ್ತದೆ; ಮನುಷ್ಯನಿಗೂ ಮನುಷ್ಯನಿಗೂ ನಡುವಣ ಪಾಪವು, ನೊಂದವನನ್ನು ಸಮಾಧಾನಪಡಿಸುವವರೆಗೆ ಕಳೆಯುವುದಿಲ್ಲ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ಹೇಳುವುದೂ ಇದನ್ನೇ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಬಳಿಗೆ ಹೋಗಬೇಕು. ಲೂಕನ ಸುವಾರ್ತೆಯ ಜಕ್ಕಾಯನು ನಾಲ್ಕರಷ್ಟು ಹಿಂದಿರುಗಿಸಲು ಒಪ್ಪುತ್ತಾನೆ. ಮನುಸ್ಮೃತಿಯ 11ನೆಯ ಅಧ್ಯಾಯದಲ್ಲಿ ಕೂಡ ಸಣ್ಣ ಕಳವಿಗೆ ಸಾಂತಪನ ಕೃಚ್ಛ್ರವನ್ನು ಹೇಳುವಾಗ ಕದ್ದ ಪದಾರ್ಥವನ್ನು ಹಿಂದಕ್ಕೆ ಕೊಟ್ಟು ಎಂಬ ಮಾತು ಸೇರಿಕೊಂಡಿದೆ. ಇಷ್ಟು ಕಡೆ ಹಾಜರಿರುವ ಮೂರನೆಯ ಪಕ್ಷಗಾರನು ‘ಕೂರ್ ದೇಉಸ್ ಹೋಮೋ’ವಿನಲ್ಲಿ ಮಾತ್ರ ಇಲ್ಲ.

ಅವನು ಇಲ್ಲದಿರುವುದಕ್ಕೆ ಕಾರಣವನ್ನು ಆನ್ಸೆಲ್ಮನು ಮುರಿಯಹೊರಟ ಪಟ್ಟಿಗಳಲ್ಲಿಯೇ ನಾನು ಕಾಣುತ್ತೇನೆ. ಹೇಸ್ಟಿಂಗ್ಸ್‌ನ ವಿಧಿಯಲ್ಲಿ ಕೊಂದವನು ಎಷ್ಟು ದಿನ ಉಪವಾಸವಿರಬೇಕು, ಯಾವ ದೇವಾಲಯವನ್ನು ಕಟ್ಟಿಸಬಹುದು, ದೋಚಿದ ದೇವಾಲಯದ ಸೊತ್ತನ್ನು ಹೇಗೆ ಹಿಂದಿರುಗಿಸಬೇಕು ಎಂಬುದೆಲ್ಲ ಇದೆ. ಕೊಲೆಯಾದವನ ಹೆಂಡತಿ ಮಕ್ಕಳಿಗೆ ಏನು ಸಲ್ಲಬೇಕೆಂಬುದಿಲ್ಲ. ಪಾಪದ ತೂಕವನ್ನು ಅನಂತವೆಂದು ಸಾರಿ ಆನ್ಸೆಲ್ಮನು ಆ ಪಟ್ಟಿಯ ಅಂಕಿಗಳನ್ನು ಅಳಿಸಿದನು. ಅದರ ಎರಡು ಕಲಮುಗಳನ್ನು ಮಾತ್ರ, ಅತ್ತ ಪಾಪಿ ಇತ್ತ ದೇವರು, ಹಾಗೆಯೇ ಉಳಿಸಿಕೊಂಡನು. ಅವನು ಈ ಗ್ರಂಥವನ್ನು ಬರೆಯುತ್ತಿದ್ದ ವರ್ಷಗಳ ನಡುವೆ, 1096ರ ಮೇ ತಿಂಗಳಲ್ಲಿ, ಜೆರೂಸಲೇಮಿಗೆಂದು ಹೊರಟ ಗುಂಪುಗಳು ರೈನ್ ನದಿಯ ದಂಡೆಯ ವರ್ಮ್ಸ್ ಮತ್ತು ಮೈನ್ಸ್ ನಗರಗಳಲ್ಲಿ ಯೆಹೂದ್ಯರನ್ನು ಕೊಂದವು. ಬೋಸೋವಿನ ಬಾಯಿಂದ ಪ್ರಶ್ನೆ ಕೇಳಿಸಿದವರ ಮತಸ್ಥರೇ ಅವರು. ಆ ಕೊಲೆಗಾರರಲ್ಲಿ ಒಬ್ಬನು ಪಶ್ಚಾತ್ತಾಪಪಟ್ಟು ಆನ್ಸೆಲ್ಮನ ಬಳಿಗೆ ಬಂದಿದ್ದರೆ, ದೇವರೊಡನೆ ಅವನ ಲೆಕ್ಕ ತೀರುವ ಬಗೆಯನ್ನು ಈ ಗ್ರಂಥದಿಂದ ವಿವರಿಸಬಹುದಾಗಿತ್ತು. ಮೈನ್ಸಿನಲ್ಲಿ ಬದುಕಿ ಉಳಿದವರ ಮನೆಬಾಗಿಲಿಗೆ ಅವನನ್ನು ಕಳುಹಿಸಲು ಬೇಕಾದ ಒಂದು ವಾಕ್ಯವೂ ಅದರಲ್ಲಿಲ್ಲ.